ಓದುಗರ ಪ್ರಶ್ನೆ: ಹಾವಿನ ಮದ್ದು ಕೊಟ್ಟ ಹತ್ತನೇ ದಿನ ಜ್ವರವೇಕೆ?

ಪ್ರಶ್ನೆ: ತೋಟದಲ್ಲಿ ಹುಲ್ಲು ಕೊಯ್ಯುವಾಗ ತಮ್ಮನಿಗೆ ಕೊಳಕುಮಂಡಲ ಕಚ್ಚಿತ್ತು. ಆಸ್ಪತ್ರೆಯಲ್ಲಿ 18 ಬಾಟಲಿ ಮದ್ದು ಕೊಟ್ಟರು, ಗುಣವಾಗಿ ಮನೆಗೆ ಬಂದ. ಹತ್ತನೇ ದಿನ ಜ್ವರ, ಮೈತುಂಬ ಪಿತ್ತಗಂಧೆ, ಮಣಿಕಟ್ಟು–ಮೊಣಕಾಲು ನೋವು. ವಿಷ ಒಳಗೇ ಉಳಿದಿದೆ ಅನ್ನುತ್ತಾರೆ. ಹೌದೇ? (ಪೆರ್ಲದ ಓದುಗರು)

ಉತ್ತರ: ವಿಷ ಉಳಿದದ್ದರಿಂದಲ್ಲ ಅನಿಸುತ್ತದೆ. ನೀವು ಬರೆದ ಲಕ್ಷಣ, ದಿನದ ಲೆಕ್ಕ ಎರಡೂ, ಪ್ರಾಣಿಯ ಸೀರಂ (ರಕ್ತದ ತಿಳಿ ದ್ರವ) ಮೈಗೆ ಸೇರಿದ ಮೇಲೆ ತಡವಾಗಿ ಬರುವ ಸೀರಂ ಸಿಕ್‌ನೆಸ್‌ಗೆ ಹೊಂದುತ್ತವೆ. ನಮ್ಮಲ್ಲಿ ಕೊಡುವ ಹಾವಿನ ಮದ್ದು, ಅಂದರೆ ಆಂಟಿವೆನಮ್, ಕುದುರೆಯ ರಕ್ತದಿಂದ ತಯಾರಾದದ್ದು. ಬಾಟಲಿಗೆ 10 ಮಿಲಿಯಂತೆ 180 ಮಿಲಿ ತಮ್ಮನ ರಕ್ತಕ್ಕೆ ಸೇರಿದೆ. ಈ ಪರಕೀಯ ಪ್ರೋಟೀನಿನ ವಿರುದ್ಧ ಆಂಟಿಬಾಡಿ (ಪರಕೀಯ ವಸ್ತುವಿಗೆ ಅಂಟಿಕೊಂಡು ದೇಹ ಕಾಯುವ ಕಣ) ತಯಾರಾಗಲು ವಾರ ಹಿಡಿಯುತ್ತದೆ. ಆಗಲೂ ಪ್ರೋಟೀನು ರಕ್ತದಲ್ಲಿ ಉಳಿದಿದ್ದರೆ ಎರಡೂ ಅಂಟಿಕೊಂಡು ಕಿಡ್ನಿ, ಕೀಲು, ರಕ್ತನಾಳಗಳ ಗೋಡೆಯಲ್ಲಿ ಕೂರುತ್ತವೆ. 1950ರ ದಶಕದಲ್ಲಿ ಫ್ರಾಂಕ್ ಡಿಕ್ಸನ್ ಮತ್ತು ಸಂಗಡಿಗರು ಮೊಲಗಳಿಗೆ ದನದ ಆಲ್ಬುಮಿನ್ (ರಕ್ತದ ಒಂದು ಪ್ರೋಟೀನು) ಚುಚ್ಚಿ ಇದನ್ನೇ ಕಂಡರು. ವಿಕಿರಣ ಅಯೋಡಿನ್ ಗುರುತು ಹಾಕಿದ ಆಲ್ಬುಮಿನ್ ಮೊದಲ ವಾರ ನಿಧಾನವಾಗಿ ಕರಗುತ್ತಿತ್ತು, ಹತ್ತನೇ ದಿನದ ಸುಮಾರಿಗೆ ಒಮ್ಮೆಲೇ ಖಾಲಿಯಾಗುತ್ತಿತ್ತು. ಕಿಡ್ನಿಯ ಉರಿಯೂತ ಕಾಣಿಸಿದ್ದೂ ಅದೇ ಹೊತ್ತಿಗೆ. ಪ್ರೋಟೀನು ಮುಗಿದ ಮೇಲೆ ಗಾಯ ಮಾಯುತ್ತಿತ್ತು.

ತಮ್ಮನನ್ನು ತಡಮಾಡದೆ ಡಾಕ್ಟರಿಗೆ ತೋರಿಸಿ. ಮೂತ್ರದಲ್ಲಿ ಪ್ರೋಟೀನು, ರಕ್ತ ಇದೆಯೇ ನೋಡಿಸಿ, ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ಕೂಡ. ಸಾಮಾನ್ಯವಾಗಿ ತುರಿಕೆಯ ಮಾತ್ರೆ ಸಾಕು, ಒಂದೆರಡು ದಿನದಲ್ಲಿ ಇಳಿಯದಿದ್ದರೆ ವಾರದ ಮಟ್ಟಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಬರೆಯುತ್ತಾರೆ. ಮೆಡಿಕಲ್‌ನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ತಂದು ನುಂಗಿಸಬೇಡಿ: ಕೊಳಕುಮಂಡಲದ ವಿಷ ಕಿಡ್ನಿಗೆ ಮೊದಲೇ ಪೆಟ್ಟು ಕೊಟ್ಟಿರಬಹುದು. ಡಿಸ್ಚಾರ್ಜ್ ಕಾರ್ಡ್ ಜೋಪಾನವಾಗಿಟ್ಟು ಮಂಗಳೂರಿಗೆ ಹೋದರೂ ಅದನ್ನೇ ತೋರಿಸಿ. ಮುಂದೊಮ್ಮೆ ಹಾವು ಕಚ್ಚಿದರೆ ಈ ತೊಂದರೆ ಇನ್ನೂ ಬೇಗ, ಮೂರು-ನಾಲ್ಕು ದಿನಕ್ಕೇ ಬರಬಹುದು. ಹಾಗೆಂದು ಮದ್ದು ಬೇಡವೆನ್ನುವುದು ಜೀವಕ್ಕೆ ಅಪಾಯ.

ಪ್ರಶ್ನೆ: ಕುದುರೆ ಸೀರಂ ವಿಷವಲ್ಲ. ಆದರೂ ಆರ್ಥಸ್ ಪ್ರಯೋಗದಲ್ಲಿ ಮೊಲದ ಚರ್ಮ ಕೊಳೆತದ್ದೇಕೆ? (ವಿದ್ಯಾರ್ಥಿನಿ, ಕಾಸರಗೋಡು)

ಉತ್ತರ: 1903ರಲ್ಲಿ ಮೋರಿಸ್ ಆರ್ಥಸ್ ಕೆಲವು ದಿನಗಳ ಅಂತರದಲ್ಲಿ ಮೊಲದ ಚರ್ಮದಡಿ ಸೀರಂ ಚುಚ್ಚುತ್ತ ಹೋದರು. ಮೊದಮೊದಲಿನದು ಗುರುತೂ ಇಲ್ಲದೆ ಹೀರಿಹೋಯಿತು. ಆಮೇಲಿನದು ಮೆತ್ತಗೆ ಬಾತಿತು, ನಂತರದ್ದು ಗಟ್ಟಿಯಾಗಿ ದಿನಗಟ್ಟಲೆ ಉಳಿಯಿತು, ಕೊನೆಗೆ ಆ ಜಾಗದ ಚರ್ಮವೇ ಸತ್ತಿತು. ಸೀರಂ ಅದೇ, ಬದಲಾದದ್ದು ಮೊಲ. ಅದರ ರಕ್ತದಲ್ಲಿ ತುಂಬಿಕೊಂಡ ಆಂಟಿಬಾಡಿ ಚುಚ್ಚಿದಲ್ಲೇ ಸೀರಂ ಜೊತೆ ಕೂಡಿ ರಕ್ತನಾಳದ ಗೋಡೆಯಲ್ಲಿ ನಿಲ್ಲುತ್ತದೆ. ಅದು ಕಾಂಪ್ಲಿಮೆಂಟನ್ನು (ರಕ್ತದಲ್ಲಿರುವ ರಕ್ಷಣಾ ಪ್ರೋಟೀನುಗಳ ಗುಂಪು) ಕೆರಳಿಸುತ್ತದೆ, ಕಾಂಪ್ಲಿಮೆಂಟಿನ ಸಿ5ಎ ತುಣುಕು ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳನ್ನು ಕರೆತರುತ್ತದೆ. ಅವು ನುಂಗಲಾಗದೆ ಹೊರಗೇ ಚೆಲ್ಲುವ ಕಿಣ್ವಗಳು ಗೋಡೆಯನ್ನು ಕರಗಿಸುತ್ತವೆ, ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಮುಂಚೆಯೇ ನ್ಯೂಟ್ರೋಫಿಲ್‌ಗಳನ್ನು ಕಳೆದ ಪ್ರಾಣಿಯಲ್ಲಿ ಚರ್ಮ ಸಾಯುವುದಿಲ್ಲ, ಕಾಂಪ್ಲಿಮೆಂಟ್ ಕಳೆದರೂ ಪೆಟ್ಟು ತಗ್ಗುತ್ತದೆ. (ಕಾಂಪ್ಲಿಮೆಂಟ್ ಕಳೆಯಲು ಬಳಸುವುದು ನಾಗರಹಾವಿನ ವಿಷದ ಒಂದು ಪ್ರೋಟೀನು!) ಪರೀಕ್ಷೆಯಲ್ಲಿ ಕಾರಣ ಹಿಸ್ಟಮಿನ್ (ಅಲರ್ಜಿಯ ದದ್ದೆಬ್ಬಿಸುವ ರಾಸಾಯನಿಕ) ಎಂದು ಬರೆದು ಅಂಕ ಕಳೆದುಕೊಳ್ಳಬೇಡಿ. ಹಿಸ್ಟಮಿನ್ ದದ್ದು ಕಾಲು ಗಂಟೆಯಲ್ಲೇ ಏಳುತ್ತದೆ, ಇದಕ್ಕೆ ಕೆಲವು ಗಂಟೆಗಳೇ ಬೇಕು.

ಪ್ರಶ್ನೆ: ಆಂಟಿವೆನಮ್ ಕೊಡುವ ಮೊದಲು ಚರ್ಮದ ಟೆಸ್ಟ್ ಮಾಡಲೇ ಇಲ್ಲ. ತಪ್ಪಲ್ಲವೇ? (ಮುಳ್ಳೇರಿಯದ ಓದುಗರು)

ಉತ್ತರ: ಮಾಡದಿದ್ದುದೇ ಸರಿ. ಆ ಟೆಸ್ಟ್ ರಿಯಾಕ್ಷನ್ ಬರುವುದನ್ನು ಮುಂಚೆ ಹೇಳುವುದಿಲ್ಲ, ಹೊತ್ತು ಹಾಳು. ಬೇಕಾದದ್ದು ರಿಯಾಕ್ಷನ್ ಬಂದರೆ ಕೊಡಲು ಸಿರಿಂಜಿನಲ್ಲಿ ಎಳೆದಿಟ್ಟ ಅಡ್ರಿನಲಿನ್: ದೊಡ್ಡವರಿಗೆ 0.5 ಮಿಲಿಗ್ರಾಂ, ತೊಡೆಯ ಸ್ನಾಯುವಿಗೆ. ಜೊತೆಗೆ ಮದ್ದು ಹೋಗುವಷ್ಟು ಹೊತ್ತೂ ಪಕ್ಕದಲ್ಲೇ ನಿಂತು ನೋಡುವ ಒಬ್ಬರು.