ಆ ಇಂಗ್ಲಿಷ್ ಕಾಗದದಲ್ಲಿ ಏನು ಬರೆದಿತ್ತು?

ಓದುಗರ ಪತ್ರ: "ತುಮಕೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಏಳು ವರ್ಷ ಟೈಲರ್ ಆಗಿದ್ದೆ. ಮೇ ಕೊನೆಯಲ್ಲಿ ಆರ್ಡರ್ ಇಲ್ಲ ಅಂತ ನಮ್ಮ ಲೈನ್ ನಿಲ್ಲಿಸಿದರು. 43 ಜನ ಇದ್ದೆವು. ಒಬ್ಬೊಬ್ಬರನ್ನೇ ಎಚ್‌ಆರ್ ರೂಮಿಗೆ ಕರೆದು ಇಂಗ್ಲಿಷ್ ಕಾಗದಕ್ಕೆ ಸೈನ್ ಹಾಕಿಸಿಕೊಂಡರು. ಲೆಕ್ಕ ಚುಕ್ತಾ ಅಂತ 9,400 ರೂಪಾಯಿ ಕೊಟ್ಟರು. ಕೆಲಸ ಹೋದವರಿಗೆ ಇಎಸ್‌ಐನಿಂದ ಮೂರು ತಿಂಗಳ ದುಡ್ಡು ಬರುತ್ತೆ ಅಂತ ಗೊತ್ತಾಗಿ ಜುಲೈನಲ್ಲಿ ಅರ್ಜಿ ಹಾಕಿದೆ. ನಾಲ್ಕು ತಿಂಗಳು ಓಡಾಡಿಸಿದರು. ಈಗ 'ನಿಮ್ಮದು ರಾಜೀನಾಮೆ ಕೇಸು, ಬರಲ್ಲ' ಅಂತಾರೆ. ಸೈಬರ್ ಸೆಂಟರ್‌ನವನು 3,000 ಕೊಟ್ಟರೆ ಮಾಡಿಸ್ತೀನಿ ಅಂತಾನೆ. ಡಿಪ್ಲೊಮಾ ಮುಗಿಸಿದ ಮಗನ ಯುವನಿಧಿಯೂ ಎರಡು ಕಂತು ಬಂದು ನಿಂತಿದೆ. ಮೇಲ್ಮನವಿ ಯಾರಿಗೆ ಹಾಕಬೇಕು?" (ಹೆಸರು ಬೇಡ ಎಂದಿದ್ದಾರೆ, ಬೆಂಗಳೂರು)

ಅಕ್ಕಾ, ನಮಸ್ಕಾರ.

ನಿಮ್ಮ ಪತ್ರವನ್ನು ನಮ್ಮ ಆಫೀಸಿನಲ್ಲಿ ಮೂವರು ಓದಿದೆವು. ಮೂವರೂ ತಡೆದು ನಿಂತಿದ್ದು ಆ ಇಂಗ್ಲಿಷ್ ಕಾಗದದ ಸಾಲಿಗೆ ಬಂದಾಗ. ನೀವು ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಿಮ್ಮ ತೊಂದರೆಯೆಲ್ಲ ಶುರುವಾಗಿರುವುದು ಅಲ್ಲೇ.

ಸೈಬರ್‌ನವನಿಗೆ ಮಾತ್ರ ದುಡ್ಡು ಕೊಡಬೇಡಿ. ಈ ಅರ್ಜಿಗೆ ಫೀಸೇ ಇಲ್ಲ. ಮೊದಲು 20 ರೂಪಾಯಿ ಛಾಪಾ ಕಾಗದದಲ್ಲಿ ಅಫಿಡವಿಟ್ ಕೇಳುತ್ತಿದ್ದರು. 2020ರ ನವೆಂಬರ್‌ನಲ್ಲಿ ಅದನ್ನೂ ಕೈಬಿಟ್ಟರು. ಮೂರು ಸಾವಿರ ತೆಗೆದುಕೊಂಡು ಅವನು ಏನು ಮಾಡಿಸುತ್ತಾನೋ ಅವನನ್ನೇ ಕೇಳಬೇಕು.

ನೀವು ಹಾಕಿದ ಅರ್ಜಿ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮಾ ನಿಗಮದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯದು. 2018ರ ಜುಲೈ 1ರಂದು ಎರಡು ವರ್ಷದ ಪ್ರಯೋಗ ಅಂತ ಶುರು ಮಾಡಿದ್ದು. ಆಮೇಲೆ ಅವಧಿ ಮುಗಿಯುವುದು, ಮುಂದುವರಿಸುವುದು, ಹೀಗೇ ನಡೆದು ಬಂದಿದೆ. ಮೊದಲು ಸರಾಸರಿ ದಿನಗೂಲಿಯ ಕಾಲು ಭಾಗ ಕೊಡುತ್ತಿದ್ದರು. ಕೊರೊನಾ ಬಂದಾಗ ಅರ್ಧ ಮಾಡಿದರು. ಒಟ್ಟು 90 ದಿನಕ್ಕೆ ಸಿಗುತ್ತದೆ, ಅದೂ ಜೀವನದಲ್ಲಿ ಒಂದೇ ಸಲ. ಎರಡು ವರ್ಷ ಇಎಸ್‌ಐ ಇರುವ ಕೆಲಸದಲ್ಲಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಕಂತಿನ ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಕೆಲಸ ಹೋಗುವ ಮುಂಚಿನ ಅವಧಿಯಲ್ಲಿ 78 ದಿನ, ಅದಕ್ಕೂ ಹಿಂದಿನ ಮೂರರಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ಕಂತು ಕಟ್ಟಿರಬೇಕು. ಏಳು ವರ್ಷ ಬಿಡದೆ ಕೆಲಸ ಮಾಡಿದ ನಿಮಗೆ ಇದು ಲೆಕ್ಕಕ್ಕೇ ಅಲ್ಲ.

ದುಡ್ಡಿನ ಲೆಕ್ಕ ಹೀಗೆ. ಹಿಂದಿನ ನಾಲ್ಕು ಕಂತಿನ ಅವಧಿ, ಅಂದರೆ ಎರಡು ವರ್ಷದ ಒಟ್ಟು ಸಂಬಳವನ್ನು 730ರಿಂದ ಭಾಗಿಸುತ್ತಾರೆ. ನೀವು ಪತ್ರದ ಜೊತೆ ಇಟ್ಟ ಪೇ ಸ್ಲಿಪ್‌ನಲ್ಲಿ ತಿಂಗಳಿಗೆ 14,600 ಇದೆ, ಇಎಸ್‌ಐಗೆ 110 ರೂಪಾಯಿ ಹಿಡಿದಿದ್ದಾರೆ. ಎರಡು ವರ್ಷವೂ ಇದೇ ಸಂಬಳ ಅಂತಿಟ್ಟುಕೊಳ್ಳಿ. ಒಟ್ಟು 3,50,400. ದಿನಕ್ಕೆ 480. ಅದರ ಅರ್ಧ 240. ತೊಂಬತ್ತು ದಿನಕ್ಕೆ 21,600. ಅತ್ತೆಗೆ ಹುಷಾರಿಲ್ಲ ಅಂತ ಎರಡು ತಿಂಗಳು ಸಂಬಳವಿಲ್ಲದ ರಜೆ ಹಾಕಿದ್ದರೆ? ಆ ಎರಡು ತಿಂಗಳ ಸಂಬಳ ಒಟ್ಟು ಮೊತ್ತದಿಂದ ಹೋಗುತ್ತದೆ, ಆದರೆ ಭಾಗಿಸುವುದು 730ರಿಂದಲೇ. ದಿನಕ್ಕೆ 440 ಆಗಿ ಕೈಗೆ 19,800 ಬರುತ್ತದೆ. ಕಡಿಮೆ ಬಂತು ಅಂತ ಜಗಳಕ್ಕೆ ಹೋಗುವವರು ಮೊದಲು ಈ ಭಾಗಾಕಾರ ಮಾಡಿ ನೋಡಬೇಕು.

ಈಗ ಆ ಕಾಗದಕ್ಕೆ ಬರೋಣ.

ಫ್ಯಾಕ್ಟರಿಯವರು ತಿಂಗಳು ತಿಂಗಳು ಇಎಸ್‌ಐ ಕಂತು ತುಂಬುವಾಗ ಪ್ರತಿಯೊಬ್ಬರ ಹೆಸರಿನ ಮುಂದೆ ಎಷ್ಟು ದಿನ ಕೆಲಸ, ಎಷ್ಟು ಸಂಬಳ ಅಂತ ಕಂಪ್ಯೂಟರಿಗೆ ಹಾಕುತ್ತಾರೆ. ಸೊನ್ನೆ ದಿನ ಅಂತ ಹಾಕಿದರೆ ಕಾರಣ ಆರಿಸಬೇಕು. ಅಲ್ಲೊಂದು ಪಟ್ಟಿ ಇರುತ್ತದೆ. ರಜೆಯಲ್ಲಿದ್ದಾರೆ, ಕೆಲಸ ಬಿಟ್ಟರು, ನಿವೃತ್ತಿ, ರಿಟ್ರೆಂಚ್‌ಮೆಂಟ್ (ಆಳು ಹೆಚ್ಚಾಯಿತು ಅಂತ ಕಂಪನಿಯೇ ಕೆಲಸದಿಂದ ತೆಗೆಯುವುದು), ಕೆಲಸವಿಲ್ಲ, ಹೀಗೆ. ಎಚ್‌ಆರ್ ರೂಮಿನಲ್ಲಿ ಕೂತ ಹುಡುಗ ಮೌಸ್ ಒತ್ತುವುದಕ್ಕೆ ಎರಡು ಸೆಕೆಂಡ್ ಸಾಕು. ನಿಮ್ಮ ಹೆಸರಿನ ಮುಂದೆ ಅವನು 'ಕೆಲಸ ಬಿಟ್ಟರು' ಎಂದು ಒತ್ತಿರುತ್ತಾನೆ. ಅದಕ್ಕೆ ಆಧಾರ ನೀವು ಸೈನ್ ಹಾಕಿದ ಕಾಗದ.

ಆ ಕಾಗದ ಹೇಗಿರುತ್ತದೆ ಅಂತ ನನಗೆ ಗೊತ್ತು. ಬೇರೊಬ್ಬ ಓದುಗರು ತಂದು ತೋರಿಸಿದ್ದರು. 'ನನ್ನ ಸ್ವಂತ ಕಾರಣಗಳಿಗಾಗಿ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ' ಎಂದು ಇಂಗ್ಲಿಷಿನಲ್ಲಿ ಟೈಪ್ ಆಗಿತ್ತು. ಹೆಸರಿನ ಜಾಗ ಖಾಲಿ ಬಿಟ್ಟು, ಅಲ್ಲಿ ಬಾಲ್ ಪೆನ್ನಿನಲ್ಲಿ ಹೆಸರು ಬರೆದಿದ್ದರು. ಅಕ್ಷರ ಆಕೆಯದಲ್ಲ. ಕೆಳಗಿನ ಸಹಿ ಮಾತ್ರ ಕನ್ನಡದಲ್ಲಿ, ಆಕೆಯದೇ. ಇಂಗ್ಲಿಷ್ ಓದಲು ಬಾರದವರು ಇಂಗ್ಲಿಷಿನಲ್ಲಿ ರಾಜೀನಾಮೆ ಬರೆದ ಹಾಗಾಯಿತು!

ಯೋಜನೆಯ ನಿಯಮದಲ್ಲಿ ತಪ್ಪು ಮಾಡಿ ವಜಾ ಆದವರಿಗೆ, ವಯಸ್ಸಾಗಿ ನಿವೃತ್ತರಾದವರಿಗೆ, ಸ್ವಯಂ ನಿವೃತ್ತಿ ತೆಗೆದುಕೊಂಡವರಿಗೆ ಇಲ್ಲ ಅಂತಿದೆ. ತಾನಾಗಿಯೇ ಬಿಟ್ಟಿದ್ದಾರೆ ಅಂತ ಕಾಗದ ಹೇಳಿದರೆ ಶಾಖೆಯವರು ಆ ಕಡೆಗೇ ವಾಲುತ್ತಾರೆ. ಕೌಂಟರಿನಲ್ಲಿ ಕೂತವರ ಜೊತೆ ಇನ್ನೂ ನಾಲ್ಕು ತಿಂಗಳು ವಾದ ಮಾಡಿದರೂ ಅವರ ಮುಂದಿನ ಸ್ಕ್ರೀನ್ ಬದಲಾಗುವುದಿಲ್ಲ ಅಲ್ವಾ?

ಇನ್ನೊಂದು ವಿಷಯ ನಿಮಗೆ ಯಾರೂ ಹೇಳಿದಂತಿಲ್ಲ. ಇಎಸ್‌ಐನಲ್ಲೇ ಇನ್ನೊಂದು, ಹಳೆಯ ಯೋಜನೆ ಇದೆ. ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ, 2005ರ ಏಪ್ರಿಲ್ 1ರಿಂದ ನಡೆಯುತ್ತಿದೆ. ಫ್ಯಾಕ್ಟರಿ ಮುಚ್ಚಿ ಅಥವಾ ರಿಟ್ರೆಂಚ್‌ಮೆಂಟ್ ಆಗಿ ಕೆಲಸ ಹೋದರೆ ಮೊದಲ 12 ತಿಂಗಳು ದಿನಗೂಲಿಯ ಅರ್ಧ, ಮುಂದಿನ 12 ತಿಂಗಳು ಕಾಲು. ಆ ಅವಧಿಯಲ್ಲಿ ಮನೆಯವರಿಗೂ ಇಎಸ್‌ಐ ಆಸ್ಪತ್ರೆ ಚಿಕಿತ್ಸೆ ಇರುತ್ತದೆ. ದಿನಕ್ಕೆ 480ರ ಲೆಕ್ಕದಲ್ಲೇ ನೋಡಿದರೂ ಎರಡು ವರ್ಷಕ್ಕೆ 1,31,400 ಆಗುತ್ತದೆ. ಎರಡೂ ಯೋಜನೆಯ ದುಡ್ಡು ಒಟ್ಟಿಗೆ ಸಿಗುವುದಿಲ್ಲ, ಒಂದನ್ನು ಆರಿಸಿಕೊಳ್ಳಬೇಕು.

ಅಂದರೆ ಕೆಲಸ ಹೋದವರು ನೀವೇ, ಹೋದ ದಿನವೂ ಅದೇ. 'ಕೆಲಸ ಬಿಟ್ಟರು' ಅಂತ ಬಿದ್ದರೆ ಸೊನ್ನೆ. 'ಕೆಲಸವಿಲ್ಲ' ಅಂತಿದ್ದರೆ ಸುಮಾರು 21 ಸಾವಿರ. 'ರಿಟ್ರೆಂಚ್‌ಮೆಂಟ್' ಅಂತಿದ್ದರೆ ಲಕ್ಷ ದಾಟುತ್ತದೆ. ಅದು ಅಷ್ಟೇ ಅಲ್ಲ. ರಿಟ್ರೆಂಚ್‌ಮೆಂಟ್ ಆದರೆ ಕನಿಷ್ಠ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ವರ್ಷಕ್ಕೆ 15 ದಿನದಂತೆ ಪರಿಹಾರವನ್ನು ಕಂಪನಿಯೇ ಕೊಡಬೇಕು. ನಿಮ್ಮ ಸಂಬಳಕ್ಕೆ ಅದು ಸುಮಾರು 65 ಸಾವಿರ. ಎಚ್‌ಆರ್‌ಗೆ ಅಷ್ಟೊಂದು ಅವಸರ ಯಾಕಿತ್ತು ಅಂತ ಈಗ ಗೊತ್ತಾಯಿತಲ್ಲ.

ಹಾಗಾಗಿ ಮೇಲ್ಮನವಿಗಿಂತ ಮೊದಲು 'ಕೆಲಸ ಬಿಟ್ಟರು' ಅನ್ನುವ ಆ ಪದವನ್ನು ಪ್ರಶ್ನಿಸಬೇಕು. ಒಂದು ಪತ್ರ ಬರೆಯಿರಿ, ಕನ್ನಡದಲ್ಲೇ. ನಾನು ಸ್ವಂತ ಇಷ್ಟದಿಂದ ಕೆಲಸ ಬಿಟ್ಟಿಲ್ಲ, ಇಂಥ ತಾರೀಖು ಆರ್ಡರ್ ಇಲ್ಲವೆಂದು ಲೈನ್ ನಿಲ್ಲಿಸಿದಿರಿ, ನನಗೆ ಓದಲು ಬಾರದ ಕಾಗದಕ್ಕೆ ಸಹಿ ಹಾಕಿಸಿಕೊಂಡಿರಿ, ಇಎಸ್‌ಐ ದಾಖಲೆಯಲ್ಲಿ ಕಾರಣ ಸರಿ ಮಾಡಿ ಎಂದು. ಕಂಪನಿಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ. ಅದರ ಒಂದೊಂದು ಪ್ರತಿ ಇಎಸ್‌ಐ ಶಾಖೆಗೆ ಮತ್ತು ನಿಮ್ಮ ಭಾಗದ ಕಾರ್ಮಿಕ ಅಧಿಕಾರಿಗೆ. ಯಾವ ಕಚೇರಿ ಅಂತ ಗೊತ್ತಾಗದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕೇಳಿದರೆ ಹೇಳುತ್ತಾರೆ.

ಇದನ್ನು ಒಬ್ಬರೇ ಮಾಡಬೇಡಿ. ಒಬ್ಬಳು ಸ್ವಂತ ಕಾರಣಕ್ಕೆ ರಾಜೀನಾಮೆ ಕೊಟ್ಟಳು ಅಂದರೆ ನಂಬಬಹುದು. 43 ಜನರಿಗೆ ಒಂದೇ ದಿನ, ಒಂದೇ ಒಕ್ಕಣೆಯಲ್ಲಿ, ಅದೂ ಇಂಗ್ಲಿಷಿನಲ್ಲಿ ಸ್ವಂತ ಕಾರಣ ಹುಟ್ಟಿತು ಅಂದರೆ ಯಾರು ನಂಬುತ್ತಾರೆ? ನಿಮ್ಮ ಕೈಯಲ್ಲಿರುವ ದೊಡ್ಡ ಸಾಕ್ಷಿ ಅದೇ. ಹತ್ತು ಜನ ಸೇರಿದರೂ ಸಾಕು. 2016ರ ಏಪ್ರಿಲ್ ನಿಮಗೆ ನೆನಪಿರಬಹುದು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ನಿಯಮ ತಂದಾಗ ಇದೇ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗೆ ಇಳಿದರು. ಎರಡನೇ ದಿನಕ್ಕೇ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು.

ಇನ್ನು ಮೇಲ್ಮನವಿ. ನಿಮಗೆ 'ಬರಲ್ಲ' ಅಂದದ್ದು ಬಾಯಿಮಾತಿನಲ್ಲಿ. ಬಾಯಿಮಾತಿನ ಮೇಲೆ ಮೇಲ್ಮನವಿ ಹಾಕಲಾಗುವುದಿಲ್ಲ. ಶಾಖಾ ವ್ಯವಸ್ಥಾಪಕರಿಗೆ ಅರ್ಜಿ ಕೊಟ್ಟು, ಯಾವ ನಿಯಮದ ಕೆಳಗೆ ತಿರಸ್ಕರಿಸಿದಿರಿ ಅಂತ ಬರಹದಲ್ಲಿ ಕೇಳಿ. ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಕದಲಬೇಡಿ. ಈ ಪಾಠ ನಾನೂ ದುಡ್ಡು ಕೊಟ್ಟೇ ಕಲಿತಿದ್ದು. ಮೂವತ್ತರ ವಯಸ್ಸಿನಲ್ಲಿ ನಾನಿದ್ದ ಪತ್ರಿಕೆ ಮುಚ್ಚಿತು. ಬಾಕಿ ಸಂಬಳಕ್ಕೆ ಅರ್ಜಿ ಕೊಟ್ಟು 'ಆಯ್ತು ಸಾರ್, ಇಟ್ಟುಹೋಗಿ' ಅಂದ ಕೂಡಲೇ ನಂಬಿ ಬಂದೆ. ಮೂರು ತಿಂಗಳು ಬಿಟ್ಟು ಹೋದರೆ ಅಂಥ ಅರ್ಜಿಯೇ ಬಂದಿಲ್ಲ ಅಂದರು. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಶಾಖೆ ಉತ್ತರ ಕೊಡದಿದ್ದರೆ ಬಿನ್ನಿಪೇಟೆಯ ಪ್ರಾದೇಶಿಕ ಕಚೇರಿಗೆ ದೂರು ಕೊಡಬಹುದು. ಇಎಸ್‌ಐನವರು 'ಸುವಿಧಾ ಸಮಾಗಮ' ಅಂತ ಕುಂದುಕೊರತೆ ಸಭೆ ಕೂಡ ನಡೆಸುತ್ತಾರೆ. ತಾರೀಖು ಕೇಳಿಕೊಂಡು ಹೋಗಿ, ಅಧಿಕಾರಿ ಎದುರಿಗೇ ಸಿಗುತ್ತಾರೆ. ಟೋಲ್ ಫ್ರೀ ನಂಬರ್ 1800-11-2526. ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ಪೋರ್ಟಲ್‌ನಲ್ಲಿ ದೂರು ಹಾಕಿದರೆ 21 ದಿನದೊಳಗೆ ಇತ್ಯರ್ಥ ಮಾಡಬೇಕೆಂಬ ನಿಯಮವಿದೆ. ಉತ್ತರ ಸಮಾಧಾನ ಕೊಡದಿದ್ದರೆ ಅಲ್ಲೇ ಮೇಲ್ಮನವಿ ಹಾಕಬಹುದು. ನನಗೆ ಇದೆಲ್ಲಕ್ಕಿಂತ ಜಾಸ್ತಿ ನಂಬಿಕೆ ಇರುವುದು ಹತ್ತು ರೂಪಾಯಿಯ ಆರ್‌ಟಿಐ ಅರ್ಜಿಯ ಮೇಲೆ. ನನ್ನ ಫೈಲು ಯಾವ ತಾರೀಖು ಯಾರ ಟೇಬಲ್ಲಿಗೆ ಹೋಯಿತು, ಕಂಪನಿಯವರು ಏನೆಂದು ಉತ್ತರ ಕೊಟ್ಟಿದ್ದಾರೆ, ಅದರ ನಕಲು ಕೊಡಿ ಎಂದಷ್ಟೇ ಕೇಳಿ. ಕೇಂದ್ರದ ಕಚೇರಿಯಾದರೂ ಕನ್ನಡದಲ್ಲಿ ಬರೆಯುವ ಹಕ್ಕು ಕಾಯ್ದೆಯಲ್ಲೇ ಇದೆ. 30 ದಿನದಲ್ಲಿ ಉತ್ತರ ಕೊಡಬೇಕು. ಎಷ್ಟೋ ಸಲ ಈ ಅರ್ಜಿ ತಲುಪಿದ ಮೇಲೇ ಫೈಲಿಗೆ ಕಾಲು ಬರುತ್ತದೆ.

ಕೊನೆಯದು ನೌಕರರ ವಿಮಾ ನ್ಯಾಯಾಲಯ, ಜನ ಇಎಸ್‌ಐ ಕೋರ್ಟ್ ಅನ್ನುತ್ತಾರೆ. ಸೌಲಭ್ಯ ಸಿಗಬೇಕೋ ಇಲ್ಲವೋ, ಎಷ್ಟು ಸಿಗಬೇಕು ಎಂಬ ತಕರಾರು ಅಲ್ಲಿ ತೀರ್ಮಾನ ಆಗುತ್ತದೆ. ಮೂರು ವರ್ಷದೊಳಗೆ ಹೋಗಬೇಕು. 2025ರ ನವೆಂಬರ್ 21ರಿಂದ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಕೋರ್ಟ್ ಉಳಿದಿದೆ. ವಕೀಲರ ಫೀಸು ಅಂತ ಹೆದರಬೇಡಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ.

ಮಂಜೂರಾದ ಮೇಲೂ ದುಡ್ಡು ಸಿಕ್ಕಿಕೊಳ್ಳುವ ಒಂದು ಜಾಗ ಇದೆ. ಕೆಲಸಕ್ಕೆ ಸೇರುವಾಗ ಕೊಟ್ಟ ಪಾಸ್‌ಬುಕ್ ಯಾವುದು? ಸಿಂಡಿಕೇಟ್ ಬ್ಯಾಂಕಿನದಾದರೆ ಅದು 2020ರ ಏಪ್ರಿಲ್‌ನಲ್ಲಿ ಕೆನರಾ ಜೊತೆ ಸೇರಿತು, ಹಳೆಯ ಐಎಫ್‌ಎಸ್‌ಸಿ 2021ರ ಜುಲೈನಿಂದ ನಡೆಯುವುದಿಲ್ಲ. ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ವಿಜಯಾ ಬ್ಯಾಂಕ್ ಬರೋಡಾಕ್ಕೆ ಸೇರಿದವು. ಇಎಸ್‌ಐ ದಾಖಲೆಯಲ್ಲಿ ಹಳೇ ನಂಬರ್ ಇದ್ದರೆ ದುಡ್ಡು ಹೋಗಿ ವಾಪಸ್ ಬರುತ್ತದೆ. ಹೊಸ ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಈಗಲೇ ಕೊಟ್ಟುಬಿಡಿ. ಆಧಾರ್‌ನಲ್ಲೂ ಇಎಸ್‌ಐ ಕಾರ್ಡಿನಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ, ಅದನ್ನೂ ನೋಡಿಕೊಳ್ಳಿ.

ಮಗನ ವಿಷಯ ಸುಲಭ. ಯುವನಿಧಿಯಲ್ಲಿ ಡಿಪ್ಲೊಮಾದವರಿಗೆ ತಿಂಗಳಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಇನ್ನೂ ಕೆಲಸ ಸಿಕ್ಕಿಲ್ಲ ಅಂತ ಸೇವಾ ಸಿಂಧುವಿನಲ್ಲಿ ಸ್ವಯಂ ಘೋಷಣೆ ಕೊಡುತ್ತಿರಬೇಕು. ಶುರುವಿನಲ್ಲಿ ಪ್ರತಿ ತಿಂಗಳು 25ರೊಳಗೆ ಅಂತಿತ್ತು. ಎರಡು ಕಂತು ಬಂದು ನಿಂತಿದೆ ಅಂದರೆ ಅದನ್ನೇ ಮರೆತಿರಬಹುದು. ಘೋಷಣೆ ಸರಿಯಾಗಿದ್ದರೆ ಆಧಾರ್ ಯಾವ ಬ್ಯಾಂಕಿಗೆ ಸೀಡ್ ಆಗಿದೆ ನೋಡಿ. ಆಮೇಲೆ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಅದಕ್ಕೆ ಸೀಡ್ ಮಾಡಿಸಿದ್ದರೆ ದುಡ್ಡು ಅಲ್ಲಿ ಸುಮ್ನೆ ಬಿದ್ದಿರುತ್ತದೆ. ಬಿ.ಇ.ಗೆ ಸೇರಿದ್ದರೆ ಮಾತ್ರ ಯುವನಿಧಿ ಸಿಗುವುದಿಲ್ಲ.

ನೀವು ಕೇಳದ ಒಂದು ಮಾತು. ಆ 9,400 ಯಾವ ಲೆಕ್ಕದ್ದು? ಪತ್ರದಲ್ಲಿ ಗ್ರಾಚ್ಯುಟಿಯ ಸುದ್ದಿಯೇ ಇಲ್ಲ. ಐದು ವರ್ಷ ದಾಟಿದವರಿಗೆ ಅದು ಸಿಗಲೇಬೇಕು, ರಾಜೀನಾಮೆ ಕೊಟ್ಟಿದ್ದರೂ ಅಡ್ಡಿಯಿಲ್ಲ. ನಿಮ್ಮ ಪೇ ಸ್ಲಿಪ್‌ನಲ್ಲಿ ಮೂಲ ವೇತನ ಮತ್ತು ಡಿಎ ಸೇರಿ 13,000 ಇದೆ. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಏಳು ವರ್ಷಕ್ಕೆ ಲೆಕ್ಕ ಹಾಕಿ. 52,500 ರೂಪಾಯಿ. ನೀವು ನಾಲ್ಕು ತಿಂಗಳಿಂದ ಅಲೆಯುತ್ತಿರುವ ಮೊತ್ತದ ಎರಡರಷ್ಟಕ್ಕಿಂತ ಜಾಸ್ತಿ! 30 ದಿನದಲ್ಲಿ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ. ಕಂಪನಿಗೆ ಅರ್ಜಿ ಕೊಡಿ, ಕೊಡದಿದ್ದರೆ ಸಹಾಯಕ ಕಾರ್ಮಿಕ ಆಯುಕ್ತರ ಹತ್ತಿರ ಹೋಗಿ.

ಆ 43 ಜನರಲ್ಲಿ ಎಷ್ಟು ಜನರ ಫೋನ್ ನಂಬರ್ ನಿಮ್ಮ ಹತ್ತಿರ ಇದೆ? ಯಾರ ಬಳಿಯಾದರೂ ಆ ಇಂಗ್ಲಿಷ್ ಕಾಗದದ ಫೋಟೊ ಇದ್ದರೆ ನಮಗೊಂದು ಪ್ರತಿ ಕಳಿಸಿ. ಕನ್ನಡದಲ್ಲಿ ಏನಿದೆ ಅಂತ ಬರೆದು ವಾಪಸ್ ಕಳಿಸುತ್ತೇವೆ.

ಸಂಪಾದಕ