ದುಂಡು ಮುಖ, ಮೈನಸ್ 4 ಪವರ್: ಯಾವ ಫ್ರೇಮ್ ತಗೊಳ್ಳಲಿ?

ದುಂಡು ಮುಖದವರು ಚೌಕ ಫ್ರೇಮನ್ನೇ ಹಾಕಬೇಕಾ, ಮೈನಸ್ 4 ಪವರ್‌ಗೆ ಯಾವುದು ಒಪ್ಪುತ್ತದೆ, ತೋಟದ ಕೆಲಸಕ್ಕೂ ಡಿಸೆಂಬರ್‌ನಲ್ಲಿ ಅಣ್ಣನ ಮದುವೆಗೂ ಒಂದೇ ಕನ್ನಡಕ ಸಾಕಾ ಅಂತ ಕೇಳಿದ್ದೀರಿ. ನಾನು ಕೊಡಗಿನ ವಿರಾಜಪೇಟೆಯವನು. ಹೈಸ್ಕೂಲಿನಿಂದ ಕನ್ನಡಕ ಹಾಕುತ್ತಿದ್ದೇನೆ, ಪವರ್ ಹೆಚ್ಚುಕಡಿಮೆ ನಿಮ್ಮಷ್ಟೇ.

ಮುಖದ ಆಕಾರಕ್ಕಿಂತ ಮೊದಲು ಮೂಗು ನೋಡಿ. ದುಂಡು ಮುಖಕ್ಕೆ ಸ್ವಲ್ಪ ಕೋನ ಇರುವ ಫ್ರೇಮ್ ಒಪ್ಪುತ್ತದೆ, ನಿಜ. ಆದರೆ ಅದು ಜಾರಿ ಕೆನ್ನೆ ಮೇಲೆ ಕೂತರೆ ಎಂಥ ಫ್ರೇಮಾದರೂ ಚೆಂದ ಕಾಣಲ್ಲ. ಅಂಗಡಿಯಲ್ಲಿ ಹಾಕಿಕೊಂಡು ಬಾಯ್ತುಂಬ ನಕ್ಕು ನೋಡಿ. ಕೆನ್ನೆ ತಾಗಿ ಫ್ರೇಮ್ ಮೇಲೆದ್ದರೆ ಅದನ್ನು ಬಿಟ್ಟುಬಿಡಿ. ಕಾಫಿ ಕೊಯ್ಯುವಾಗ ಬಗ್ಗುವ ಹಾಗೆ ತಲೆ ಬಗ್ಗಿಸಿಯೂ ನೋಡಿ. ಮೂಗು ಚಪ್ಪಟೆ ಇದ್ದರೆ, ಒತ್ತಿ ಸರಿಮಾಡಬಹುದಾದ ಮೂಗಿನ ಪ್ಯಾಡ್ ಇರುವ ಫ್ರೇಮೇ ಒಳ್ಳೆಯದು.

ನಿಮ್ಮ ಹಳೇ ಕನ್ನಡಕದ ಕಡ್ಡಿಯ ಒಳಬದಿಯಲ್ಲಿ 50, 20, 145 ಅನ್ನೋ ಥರ ಅಂಕಿ ಇರುತ್ತವೆ. ಒಂದು ಗಾಜಿನ ಅಗಲ, ಎರಡು ಗಾಜಿನ ನಡುವೆ ಮೂಗಿನ ಜಾಗ, ಕಡ್ಡಿಯ ಉದ್ದ, ಎಲ್ಲ ಮಿಲಿಮೀಟರ್‌ನಲ್ಲಿ. ಹಳೇದು ಹಿತವಾಗಿ ಕೂರುತ್ತಿದ್ದರೆ ಅದೇ ಅಳತೆಯ ಆಸುಪಾಸಿನದ್ದು ಕೇಳಿ.

ಇನ್ನು ಪವರ್. ಮೈನಸ್ ಗಾಜು ನಡುವೆ ತೆಳು, ಅಂಚಿನಲ್ಲಿ ದಪ್ಪ. ಫ್ರೇಮ್ ಅಗಲವಾದಷ್ಟೂ ಅಂಚು ದಪ್ಪವಾಗುತ್ತದೆ. ಎದುರಿನವರಿಗೆ ಗಾಜಿನ ಹಿಂದೆ ನಿಮ್ಮ ಮುಖದ ಅಂಚು ಒಳಕ್ಕೆ ಸರಿದ ಹಾಗೆ ಕಾಣುತ್ತದೆ. ಈಗ ಓಡುತ್ತಿರುವ ದೊಡ್ಡ ದೊಡ್ಡ ಫ್ರೇಮ್‌ಗಳು ಈ ಪವರ್‌ಗೆ ಬೇಡ ಅಂತಲೇ ನಾನು ಹೇಳೋದು. ಕಣ್ಣುಪಾಪೆ ಗಾಜಿನ ಹೆಚ್ಚುಕಡಿಮೆ ನಡುವೆ ಬರುವಷ್ಟು ಚಿಕ್ಕದು ತಗೊಳ್ಳಿ. ಬಜೆಟ್ ಇದ್ದರೆ 1.67 ಇಂಡೆಕ್ಸ್ ಗಾಜು (ಬೆಳಕನ್ನು ಹೆಚ್ಚು ಬಗ್ಗಿಸುವಂಥದ್ದು) ಹಾಕಿಸಿ, ತೆಳುವಾಗುತ್ತದೆ. ಗಾಜಿನ ಸುತ್ತ ಚೌಕಟ್ಟಿಲ್ಲದ ರಿಮ್‌ಲೆಸ್‌ನಲ್ಲಿ ಅಂಚು ಎದ್ದು ಕಾಣುತ್ತದೆ. ಅಸಿಟೇಟ್ ಅನ್ನೋ ದಪ್ಪ ಪ್ಲಾಸ್ಟಿಕ್ ಫ್ರೇಮ್‌ನಲ್ಲಿ ಮರೆಯಾಗುತ್ತದೆ.

ನಮ್ಮ ಮಳೆಯನ್ನೂ ಲೆಕ್ಕಕ್ಕೆ ತಗೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕನ್ನಡಕ ಒಣಗೋದೇ ಕಷ್ಟ ಅಲ್ವಾ? ಕಡಿಮೆ ಬೆಲೆಯ ಮೆಟಲ್ ಫ್ರೇಮ್‌ನಲ್ಲಿ ತಾಮ್ರ ಬೆರೆತಿದ್ದರೆ, ಬೆವರು, ತೇವ ಸೇರಿ ಪ್ಯಾಡಿನ ಸ್ಕ್ರೂ ಸುತ್ತ ಹಸಿರು ಕಿಲುಬು ಕೂರುತ್ತದೆ. ಮೆಟಲ್ಲೇ ಬೇಕು ಅಂದರೆ ಟೈಟಾನಿಯಂ ತಗೊಳ್ಳಿ. ಹಗುರ, ಕಿಲುಬೂ ಹಿಡಿಯಲ್ಲ.

ಮದುವೆಗೆ ಬೇರೆ ಕನ್ನಡಕ ಬೇಡ. ನಮ್ಮ ಕೊಡವ ಉಡುಪಿನಲ್ಲಿ ಉದ್ದ ಕೋಟು ಕುಪ್ಯ ಕಪ್ಪು, ಸೊಂಟಕ್ಕೆ ಕಟ್ಟುವ ಚೇಲೆ ಕೆಂಪು, ತಲೆ ಮೇಲೆ ಮಂಡೆತುಣಿ ಪೇಟ. ಇಷ್ಟೆಲ್ಲ ಇರುವಾಗ ಬಣ್ಣದ ಫ್ರೇಮ್ ಜಾಸ್ತಿಯಾಗುತ್ತದೆ. ಕಡು ಕಂದು ಬಣ್ಣ ಇದಕ್ಕೂ ಒಪ್ಪುತ್ತದೆ, ದಿನದ ಅಂಗಿಗೂ ಒಪ್ಪುತ್ತದೆ. ಫ್ರೇಮಿನ ಮೇಲಂಚು ಹುಬ್ಬಿನ ಸಾಲಲ್ಲೇ ಇರಲಿ, ಹುಬ್ಬನ್ನು ಪೂರ್ತಿ ಮುಚ್ಚದಿರಲಿ. ಫೋಟೋದಲ್ಲಿ ಬೆಳಕು ಹೊಳೆಯದ ಹಾಗೆ ಆಂಟಿ ರಿಫ್ಲೆಕ್ಟಿವ್ ಕೋಟಿಂಗ್ ಹಾಕಿಸಿ. ಮಂಡೆತುಣಿ ಕಟ್ಟಿದಾಗ ಕಡ್ಡಿ ಕಿವಿಯ ಮೇಲೆ ಒತ್ತುತ್ತದಾ ಅಂತ ಮೊದಲೇ ಮನೆಯಲ್ಲಿ ಒಮ್ಮೆ ಹಾಕಿ ನೋಡಿ. ಒತ್ತಿದರೆ ಅಂಗಡಿಯವರಿಗೆ ಹೇಳಿ, ಅಸಿಟೇಟ್ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿ ಕೊಡುತ್ತಾರೆ.