ಜೋತುಬಿದ್ದ ಸ್ವೆಟರ್, ಸುರುಟಿದ ಸೀರೆಯಂಚು

ಈ ಸಲದ ಪತ್ರಗಳಲ್ಲಿ ಸುಮಾರು ಎಲ್ಲರದ್ದೂ ಒಂದೇ ಗೋಳು. ಬಟ್ಟೆ ಹರಿದಿಲ್ಲ, ಬಣ್ಣ ಹೋಗಿಲ್ಲ, ಆದರೆ ಮೈಮೇಲೆ ಸರಿಯಾಗಿ ಕೂರುತ್ತಿಲ್ಲ. ಬಿಸಾಡೋಣ ಅಂದರೆ ಮನಸ್ಸು ಬರಲ್ಲ, ಹಾಕೋಣ ಅಂದರೆ ನಾಚಿಕೆ.

ಪ್ರಶ್ನೆ: ಅಮ್ಮ ಹೆಣೆದುಕೊಟ್ಟ ಸ್ವೆಟರನ್ನು ಒಗೆದು ತಂತಿ ಮೇಲೆ ಹಾಕಿದ್ದೆ. ಒಣಗುವಷ್ಟರಲ್ಲಿ ತೊಡೆವರೆಗೆ ಇಳಿದಿದೆ, ತೋಳು ಬೆರಳನ್ನೂ ಮುಚ್ಚುತ್ತದೆ. ಪೂರ್ತಿ ಬಿಚ್ಚಿ ಮತ್ತೆ ಹೆಣೆಸಬೇಕಾ ಮೇಡಂ? – ಓದುಗರೊಬ್ಬರು, ಮಡಿಕೇರಿ

ಬಿಚ್ಚೋದು ಆಮೇಲೆ. ಮೊದಲು ಅದು ಯಾವ ನೂಲು ಅಂತ ನೋಡಿ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವ ಉಂಡೆಗಳಲ್ಲಿ ಎಷ್ಟೋ ಅಕ್ರಿಲಿಕ್ಕೇ, ಅಂದರೆ ಕೃತಕ ನೂಲೇ ಇರುತ್ತವೆ. ಹೊಲಿಗೆಯ ಒಳಗಿಂದ ಒಂದು ಚೂರು ನೂಲು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಸಿಂಕ್ ಹತ್ತಿರ ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಕರೀ ಮಣಿಯಾದರೆ ಅಕ್ರಿಲಿಕ್. ಆರಿದ ಮೇಲೆ ಮುಟ್ಟಿ, ಕರಗಿದ ನೂಲು ಕೈ ಸುಡುತ್ತದೆ.

ಉಣ್ಣೆಯಾದರೆ ನಿಮ್ಮ ಅದೃಷ್ಟ, ಅದು ಹೇಳಿದ ಮಾತು ಕೇಳುತ್ತೆ. ಉಗುರುಬೆಚ್ಚಗಿನ ನೀರಿಗೆ ಒಂದಿಷ್ಟು ಶಾಂಪೂ ಹಾಕಿ (ಅದೂ ಕೂದಲೇ ಅಲ್ವಾ) ಹದಿನೈದು ಇಪ್ಪತ್ತು ನಿಮಿಷ ನೆನೆಸಿಡಿ. ಉಜ್ಜಬೇಡಿ, ಹಿಂಡಬೇಡಿ, ಉಜ್ಜಿದರೆ ಎಳೆಗಳ ಮೇಲಿರುವ ಸಣ್ಣ ಪೊರೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಬಟ್ಟೆ ಕಂಬಳಿ ಥರ ದಪ್ಪಗಾಗಿ ಕುಗ್ಗುತ್ತದೆ, ಆಮೇಲೆ ಅದನ್ನು ಬಿಡಿಸೋದು ಕಷ್ಟ. ಅಷ್ಟೇ ಬಿಸಿಯ ನೀರಿನಲ್ಲೇ ಜಾಲಾಡಿ. ಎತ್ತುವಾಗ ಭುಜ ಹಿಡಿದು ಎತ್ತಬೇಡಿ. ಎರಡೂ ಕೈ ಕೆಳಗೆ ಕೊಟ್ಟು ಉಂಡೆಯಾಗಿಯೇ ಎತ್ತಿ. ಇಷ್ಟಕ್ಕೂ ನಿಮ್ಮ ಸ್ವೆಟರ್ ಉದ್ದ ಆಗಿದ್ದೇ ನೀರಿನ ಭಾರಕ್ಕೆ, ತಂತಿ ಮೇಲೆ ಆ ಭಾರವೆಲ್ಲ ಕೆಳಕ್ಕೆ ಎಳೆದಿದೆ.

ಈಗ ದೊಡ್ಡ ಟರ್ಕಿ ಟವೆಲ್ ಹಾಸಿ, ಸ್ವೆಟರ್ ಇಟ್ಟು, ಚಾಪೆ ಸುತ್ತಿದ ಹಾಗೆ ಸುತ್ತಿ ಮೇಲಿಂದ ಒತ್ತಿ. ಬೇಕಾದರೆ ಮೇಲೆ ನಿಂತುಕೊಳ್ಳಿ, ಏನೂ ಆಗಲ್ಲ. ನಿಮಗೆ ಸರಿಯಾಗಿ ಕೂರುವ ಇನ್ನೊಂದು ಸ್ವೆಟರಿನ ಅಳತೆಯನ್ನು ಒಂದು ಹಳೇ ಬೆಡ್‌ಶೀಟ್ ಮೇಲೆ ಚಾಕ್‌ನಿಂದ ಗೆರೆ ಎಳೆದಿಟ್ಟುಕೊಂಡು, ಒದ್ದೆ ಸ್ವೆಟರನ್ನು ಅದರ ಮೇಲೆ ಹರಡಿ, ಬದಿಯಿಂದ ಒಳಕ್ಕೆ, ಕೆಳಗಿಂದ ಮೇಲಕ್ಕೆ ಅಂಗೈಯಿಂದ ತಳ್ಳುತ್ತಾ ಗೆರೆಯೊಳಗೆ ಕೂರಿಸಿ. ಸೊಂಟದ ಪಟ್ಟಿ, ಮಣಿಕಟ್ಟಿನ ಪಟ್ಟಿ ತುಂಬಾ ಸಡಿಲ ಆಗಿದ್ದರೆ ದಪ್ಪ ನೂಲಲ್ಲಿ ಉದ್ದುದ್ದ ಟಾಕು ಹಾಕಿ, ಎಳೆದು ನೆರಿಗೆ ಮಾಡಿಡಿ, ಒಣಗಿದ ಮೇಲೆ ನೂಲು ಕಿತ್ತುಬಿಡಿ. ಮಡಿಕೇರಿ ಮಳೆಯಲ್ಲಿ ಒಣಗೋಕೆ ಹೊತ್ತು ಹಿಡಿಯುತ್ತೆ, ಫ್ಯಾನ್ ಹಾಕಿ, ಕೆಳಗಿನ ಬಟ್ಟೆ ಬದಲಿಸುತ್ತಾ ಇರಿ. ಪೂರ್ತಿ ಒಣಗದೆ ಎತ್ತಬೇಡಿ.

ಬೀರುವಿನಲ್ಲೂ ಹ್ಯಾಂಗರ್ ಬೇಡ, ಮಡಚಿಡಿ. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಮಳೆಗಾಲದಲ್ಲಿ ಅದು ಸುಮ್ನೆ ನೇತಾಡುತ್ತಲೇ ಇಳಿಯುತ್ತದೆ.

ಅಕ್ರಿಲಿಕ್ ಆಗಿದ್ದರೆ ಇಷ್ಟೆಲ್ಲ ಒದ್ದಾಡಿದರೂ ಫಲ ಕಮ್ಮಿ. ಹಾಗಂತ ಇಸ್ತ್ರಿಪೆಟ್ಟಿಗೆ ಮಾತ್ರ ತರಬೇಡಿ, ಬಿಸಿ ಆವಿ ತಾಗಿದರೆ ಅದು ಇನ್ನೂ ಜೋಲಾಗಿ, ಇದ್ದ ಪುಟಿತವೂ ಹೋಗುತ್ತೆ. ಓವರ್‌ಲಾಕ್ ಮಷಿನ್ (ಅಂಚು ಬಿಚ್ಚದ ಹಾಗೆ ಹೊಲಿಯುವುದು) ಇರುವ ಟೈಲರ್ ಹತ್ತಿರ ಬದಿ ಹಿಡಿಸೋದೇ ದಾರಿ.

ಪ್ರಶ್ನೆ: ರೇಷ್ಮೆ ಸೀರೆಯನ್ನು ಒಂದೇ ಸಲ ಮನೆಯಲ್ಲಿ ನೀರಿಗೆ ಹಾಕಿದೆ. ಕೆಳಗಿನ ಅಂಚು ಸುರುಟಿಕೊಂಡಿದೆ. ಎಷ್ಟು ಇಸ್ತ್ರಿ ಮಾಡಿದರೂ ಸರಿಹೋಗುತ್ತಿಲ್ಲ. – ಗೃಹಿಣಿ, ದಾವಣಗೆರೆ

ಅಂಚನ್ನು ತಿರುಗಿಸಿ ಒಳಗೆ ನೋಡಿ. ನನ್ನ ಅನುಮಾನ ಸೀರೆ ಮೇಲಲ್ಲ, ಒಳಗೆ ಹೊಲಿದಿರುವ ಫಾಲ್ ಪಟ್ಟಿ ಮೇಲೆ. ಫಾಲ್ ಕಾಟನ್ ಆಗಿದ್ದು, ನೆನೆಸದೆ ಹಾಗೇ ಹೊಲಿದಿದ್ದರೆ, ಮೊದಲ ನೀರಿಗೇ ಅದು ಕುಗ್ಗಿ ಸೀರೆಯನ್ನೂ ಎಳೆದುಕೊಂಡಿರುತ್ತದೆ. ಒಂದು ಗೇಣಿನಷ್ಟು ಹೊಲಿಗೆ ಬಿಚ್ಚಿ ನೋಡಿ. ಬಿಚ್ಚಿದ ಕಡೆ ಸೀರೆ ತಾನಾಗಿ ಚಪ್ಪಟೆಯಾದರೆ ಕಳ್ಳ ಸಿಕ್ಕಿದ ಹಾಗೆ. ಪೂರ್ತಿ ಬಿಚ್ಚಿ, ಉಲ್ಟಾ ಮಾಡಿ, ಮೇಲೆ ತೆಳು ಹತ್ತಿ ಬಟ್ಟೆ ಹಾಕಿಕೊಂಡು ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ. ಹೊಸ ಫಾಲನ್ನು ಒಂದು ರಾತ್ರಿ ನೀರಲ್ಲಿಟ್ಟು, ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಹೊಲಿಸಿ. ಇದನ್ನು ಹೊಲಿಯುವವರಿಗೆ ಬಾಯಿಬಿಟ್ಟು ಹೇಳಿ, ಹೇಳದಿದ್ದರೆ ಯಾರೂ ನೆನೆಸಲ್ಲ.

ಮೈಸೂರು ಸಿಲ್ಕ್‌ನಂಥ ಕ್ರೇಪ್ ಆಗಿದ್ದರೆ ಸೀರೆಯೂ ಕುಗ್ಗಿರಬಹುದು, ಅದರ ನೂಲಿಗೆ ಜಾಸ್ತಿ ಹುರಿ ಇರುತ್ತದೆ, ನೀರು ಬಿದ್ದರೆ ಮುದುಡುತ್ತೆ. ಅದನ್ನು ನೀವೇ ಎಳೆದಾಡಬೇಡಿ. ರೋಲಿಂಗ್ ಮಾಡುವವರಿಗೆ (ರೋಲರ್ ಮೇಲೆ ಹಾಯಿಸಿ ಸುಕ್ಕು ಬಿಡಿಸುವವರು) ಕೊಡಿ.

ಪ್ರಶ್ನೆ: ಮಗನ ಟೀ ಶರ್ಟ್‌ಗಳ ಕತ್ತು ಅಲೆಅಲೆಯಾಗಿ ಹಿಗ್ಗಿವೆ. – ತಾಯಿ, ಹುಬ್ಬಳ್ಳಿ

ಹ್ಯಾಂಗರನ್ನು ಕತ್ತಿನಿಂದ ತುರುಕುತ್ತಾನಾ? ಕೆಳಗಿನಿಂದ ಹಾಕಲು ಹೇಳಿ. ಕತ್ತಿನ ಪಟ್ಟಿಗೆ ಸುತ್ತ ಟಾಕು ಹಾಕಿ ಎಳೆದು, ಬಿಸಿನೀರು ಚಿಮುಕಿಸಿ ಇಸ್ತ್ರಿ ಒತ್ತಿದರೆ ಸ್ವಲ್ಪ ದಿನಕ್ಕೆ ಪರವಾಗಿಲ್ಲ, ಒಗೆದ ಮೇಲೆ ಮತ್ತೆ ಅದೇ ಕತೆ. ಗಟ್ಟಿ ಕೆಲಸ ಬೇಕಿದ್ದರೆ ರಿಬ್ ಪಟ್ಟಿ (ಕತ್ತಿನ ಹಿಗ್ಗುವ ಹೆಣಿಗೆ ಪಟ್ಟಿ) ಬದಲಿಸಿ. ಕತ್ತಿನ ಸುತ್ತಳತೆ 20 ಇಂಚು ಇದ್ದರೆ ಪಟ್ಟಿ 17 ಇಂಚು ಸಾಕು, ಹೊಲಿಗೆಗೆ ಬೇಕಾದದ್ದು ಬೇರೆ. ಪಟ್ಟಿಯನ್ನು ಎಳೆದು ಹಿಡಿದು ಹೊಲಿಯಬೇಕು. ಅಳತೆಗೆ ಸರಿಯಾಗಿ ಕತ್ತರಿಸಿದರೆ ಹೊಸ ಪಟ್ಟಿಯೂ ಎದ್ದು ನಿಲ್ಲುತ್ತೆ.

ಪ್ರಶ್ನೆ: ಲೆಗ್ಗಿಂಗ್ಸ್ ಮೊಣಕಾಲ ಹತ್ತಿರ ಜೋಲಾಗಿದೆ. – ವಿದ್ಯಾರ್ಥಿನಿ, ಮೈಸೂರು

ಒಗೆದ ಮೇಲೂ ಹಾಗೇ ಇದ್ದರೆ ಒಳಗಿನ ಹಿಗ್ಗಿ ಕುಗ್ಗುವ ಲೈಕ್ರಾ ಎಳೆ ತುಂಡಾಗಿದೆ. ಅದಕ್ಕೆ ಮದ್ದಿಲ್ಲ. ಸೊಂಟದ ಎಲಾಸ್ಟಿಕ್ ಮಾತ್ರ ಸಡಿಲವಾಗಿದ್ದರೆ ಒಳಗೆ ಒಂದಿಂಚು ಹೊಲಿಗೆ ಬಿಚ್ಚಿ, ಹಳೆಯದರ ತುದಿಗೇ ಹೊಸದನ್ನು ಪಿನ್ ಮಾಡಿ ಎಳೆದುಬಿಡಿ, ಹತ್ತು ನಿಮಿಷದ ಕೆಲಸ.